ಮನೆಯ ಪಾರ್ಟಿಯಲ್ಲಿ ಮಕ್ಕಳ ಕೈಗೆ ಮದ್ಯ: ಕೊಡಗಿನ ಪೋಷಕರು ಪದೇ ಪದೇ ಕೇಳುವ ಪ್ರಶ್ನೆಗಳು

ಪಿಯು ಫಲಿತಾಂಶ ಬಂದ ವಾರ, ಪುತ್ತರಿಯ ರಾತ್ರಿ, ಕೈಲ್ ಮುಹೂರ್ತ, ಹಾಕಿ ಹಬ್ಬದ ಕೊನೆಯ ದಿನ, ಡಿಸೆಂಬರ್ 31. ಕೊಡಗಿನ ತೋಟದ ಮನೆಗಳಲ್ಲಿ ನೆಂಟರಿಷ್ಟರು ಸೇರಲು ಇಷ್ಟು ನೆಪ ಸಾಕು. ಒಲೆಯ ಮೇಲೆ ಪಂದಿಕರಿ, ಜಗಲಿಯಲ್ಲಿ ಗ್ಲಾಸು. ಹಿರಿಯರು ಕುಡಿಯುವುದು ಇಲ್ಲಿ ಕದ್ದುಮುಚ್ಚಿ ನಡೆಯುವ ಸಂಗತಿಯಲ್ಲ, ಅದನ್ನು ಪ್ರಶ್ನಿಸಲು ಇದನ್ನು ಬರೆಯುತ್ತಲೂ ಇಲ್ಲ. ಅದೇ ಮನೆಯ ಹಿಂಬದಿಯಲ್ಲಿ, ಕಾಫಿ ಕಣದ ಕತ್ತಲಲ್ಲಿ, ಹದಿನಾರು ಹದಿನೇಳರ ಮಕ್ಕಳ ಕೈಗೂ ಗ್ಲಾಸು ಹೋದರೆ ಯಾರು ಉತ್ತರ ಕೊಡಬೇಕಾಗುತ್ತದೆ ಎಂಬುದಷ್ಟೇ ಇಲ್ಲಿಯ ವಿಷಯ. ಪ್ರಶ್ನೆಗಳನ್ನು ಪೋಷಕರು ಕೇಳುವ ಧಾಟಿಯಲ್ಲೇ ಇಟ್ಟಿದ್ದೇನೆ. ಮಗು ಎಚ್ಚರ ತಪ್ಪಿ ಬಿದ್ದಿದೆ ಎಂಬ ಗಾಬರಿಯಲ್ಲಿ ಇದನ್ನು ಓದುತ್ತಿದ್ದರೆ ಮೊದಲು 108ಕ್ಕೆ ಫೋನ್ ಮಾಡಿ, ಆಮೇಲೆ ಆಸ್ಪತ್ರೆಯ ಪ್ರಶ್ನೆಗೆ ನೇರವಾಗಿ ಹೋಗಿ.

ಕರ್ನಾಟಕದಲ್ಲಿ ಮದ್ಯಕ್ಕೆ ವಯಸ್ಸಿನ ಮಿತಿ 18 ವರ್ಷವೋ, 21 ವರ್ಷವೋ? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಎರಡೂ ಪುಸ್ತಕದಲ್ಲಿವೆ, ಗೊಂದಲಕ್ಕೆ ಅದೇ ಕಾರಣ. 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಕಲಂ 36ರಲ್ಲಿ 18 ವರ್ಷದೊಳಗಿನವರಿಗೆ ಮಾರಿದ ಸನ್ನದುದಾರರಿಗೆ ಶಿಕ್ಷೆ ಇದೆ. 1967ರ ಸನ್ನದುಗಳ ಸಾಮಾನ್ಯ ಷರತ್ತುಗಳ ನಿಯಮಗಳು 21 ವರ್ಷದೊಳಗಿನವರಿಗೆ ಮಾರಬಾರದು ಎನ್ನುತ್ತವೆ. ನಿಯಮದ ವಯಸ್ಸನ್ನೂ 18ಕ್ಕೆ ಇಳಿಸುವ ಕರಡನ್ನು 2023ರ ಜನವರಿಯಲ್ಲಿ ಸರ್ಕಾರ ಹೊರಡಿಸಿತ್ತು. ವಿರೋಧ ಬಂತು, ಅದೇ ತಿಂಗಳು ಕರಡು ವಾಪಸಾಯಿತು. ಹಾಗಾಗಿ ಬಾರ್ ಮತ್ತು ವೈನ್‌ಶಾಪಿನವರ ಮಟ್ಟಿಗೆ 21 ಎಂದೇ ತಿಳಿಯಿರಿ.

ಇವೆರಡೂ ಮಾರುವವರಿಗೆ ಸಂಬಂಧಿಸಿದವು. ಮನೆಯಲ್ಲಿ ಪುಕ್ಕಟೆ ಕೊಡುವವರನ್ನು ಹಿಡಿಯುವ ಕಾನೂನು ಬೇರೆ ಇದೆ. ಅಲ್ಲಿ ಲೆಕ್ಕಕ್ಕೆ ಬರುವ ವಯಸ್ಸು 18.

ನಮ್ಮ ಮನೆ, ನಮ್ಮ ಮಕ್ಕಳು. ನಾಲ್ಕು ಗೋಡೆಯೊಳಗೆ ನಡೆದದ್ದಕ್ಕೆ ಕಾನೂನು ಯಾಕೆ ಬರಬೇಕು?

ಅತಿ ಹೆಚ್ಚು ಕೇಳಿಬರುವ ಪ್ರಶ್ನೆ ಇದು. ಉತ್ತರವನ್ನು ಸ್ವಲ್ಪ ವಿವರವಾಗಿ ಹೇಳಬೇಕು.

2000ದ ಬಾಲ ನ್ಯಾಯ ಕಾಯ್ದೆಯಲ್ಲಿ ಕಲಂ 25 ಎಂದಿತ್ತು. ಮಗುವಿಗೆ 'ಸಾರ್ವಜನಿಕ ಸ್ಥಳದಲ್ಲಿ' ಮದ್ಯ ಕೊಟ್ಟರೆ ಮೂರು ವರ್ಷದವರೆಗೆ ಶಿಕ್ಷೆ. ಅಂದರೆ ಆಗ ಮನೆಯೊಳಗಿನ ಗ್ಲಾಸು ಅದರ ವ್ಯಾಪ್ತಿಗೆ ಬರುತ್ತಿರಲಿಲ್ಲ. 'ನಮ್ಮ ಮನೆ' ಎಂಬ ವಾದಕ್ಕೆ ಅಂದು ಬೆಲೆ ಇತ್ತು. 2015ರಲ್ಲಿ ಹೊಸ ಕಾಯ್ದೆ ಬಂದಾಗ ಕಲಂ 77ರಲ್ಲಿ ಆ ಎರಡು ಪದಗಳನ್ನು ಬಿಟ್ಟರು. ಈಗಿನ ಮಾತು ಇಷ್ಟೇ: ಅರ್ಹ ವೈದ್ಯರ ಆದೇಶವಿಲ್ಲದೆ 18 ತುಂಬದ ಯಾವುದೇ ಮಗುವಿಗೆ ಮದ್ಯ, ಮಾದಕ ವಸ್ತು ಅಥವಾ ತಂಬಾಕು ಕೊಟ್ಟವರಿಗೂ ಕೊಡಿಸಿದವರಿಗೂ ಏಳು ವರ್ಷದವರೆಗೆ ಕಠಿಣ ಸೆರೆವಾಸ, ಒಂದು ಲಕ್ಷ ರೂಪಾಯಿವರೆಗೆ ದಂಡ. ಜಾಗ ಯಾವುದು ಎಂದು ಕಾನೂನು ಕೇಳುವುದಿಲ್ಲ. ಕೊಟ್ಟವರು ಅಪ್ಪನೋ ಚಿಕ್ಕಪ್ಪನೋ ಹೋಂಸ್ಟೇ ಮಾಲೀಕನೋ ಎಂದೂ ಕೇಳುವುದಿಲ್ಲ. ಪೋಷಕರ ಒಪ್ಪಿಗೆ ಇದ್ದರೆ ಸರಿ ಎಂಬ ವಿನಾಯಿತಿ ಆ ಕಲಂನಲ್ಲಿ ಎಲ್ಲೂ ಇಲ್ಲ.

'ಹೊರಗೆ ಹೋಗಿ ಕೆಟ್ಟ ಸಹವಾಸದಲ್ಲಿ ಕುಡಿಯುವುದಕ್ಕಿಂತ ನಮ್ಮ ಕಣ್ಣೆದುರೇ ಕುಡಿಯಲಿ' ಎನ್ನುವ ತಂದೆ ತಾಯಂದಿರ ಆತಂಕ ನನಗೆ ಅರ್ಥವಾಗುತ್ತದೆ. ಆದರೆ ಆ ಆತಂಕ ನ್ಯಾಯಾಲಯದಲ್ಲಿ ರಕ್ಷಣೆಯಾಗಿ ನಿಲ್ಲುವುದಿಲ್ಲ. ನಿಮ್ಮ ಮಗನ ಜೊತೆಗೆ ಅವನ ನಾಲ್ಕು ಗೆಳೆಯರೂ ಬಂದಿದ್ದರೆ ಆ ನಾಲ್ವರ ಮಟ್ಟಿಗೂ ನೀವೇ ಕೊಟ್ಟವರು. ಅವರ ಮನೆಯವರನ್ನು ಕೇಳಿರುವುದಂತೂ ಇಲ್ಲ.

ನಾನು ಕೈಯಾರೆ ಕೊಟ್ಟಿಲ್ಲ. ಬಾಟಲಿ ಮೇಜಿನ ಮೇಲಿತ್ತು, ಅವರೇ ತೆಗೆದುಕೊಂಡರು.

ಕಲಂನಲ್ಲಿ 'ಕೊಡುವುದು' ಮಾತ್ರವಲ್ಲ, 'ಕೊಡಿಸುವುದು' ಕೂಡ ಇದೆ. ದುಡ್ಡು ಕೊಟ್ಟು ತರಿಸಿದವರು, 'ಇವನಿಗೂ ಒಂದು ಪೆಗ್ ಹಾಕು' ಎಂದವರು ಇಬ್ಬರೂ ಒಳಗೆ ಬರುತ್ತಾರೆ. ಬಾಟಲಿ ಬೀಗದೊಳಗಿದ್ದು, ಮಕ್ಕಳು ಬೀಗ ಒಡೆದು ಕದ್ದು ಕುಡಿದಿದ್ದರೆ ಮಾತು ಬೇರೆ. ಮೇಜಿನ ಮೇಲೆ ಇಟ್ಟು, ಮಕ್ಕಳು ಸುತ್ತ ಕುಳಿತದ್ದನ್ನು ಕಂಡೂ ಒಳಗೆ ಹೋಗಿ ಮಲಗಿದ್ದರೆ ತನಿಖೆಯಲ್ಲಿ ಆ ಮೌನಕ್ಕೆ ಒಪ್ಪಿಗೆ ಎಂದೇ ಅರ್ಥ ಬರಬಹುದು. ಅದು ಹೋಗಲಿ ಎಂದರೂ ಕಲಂ 75 ಇದೆ. ಮಗುವಿನ ಹೊಣೆ ಹೊತ್ತವರು ಉದ್ದೇಶಪೂರ್ವಕವಾಗಿ ಅಲಕ್ಷ್ಯ ಮಾಡಿ, ಅದರಿಂದ ಮಗುವಿಗೆ ಅನಗತ್ಯ ನೋವು ಆಗುವಂತಿದ್ದರೆ ಮೂರು ವರ್ಷದವರೆಗೆ ಸೆರೆವಾಸ, ಇಲ್ಲವೇ ಒಂದು ಲಕ್ಷ ದಂಡ, ಇಲ್ಲವೇ ಎರಡೂ.

ಬಾಟಲಿ ತರಲು ತೋಟದ ಲೈನ್ ಮನೆಯ ಹುಡುಗನನ್ನು ಅಂಗಡಿಗೆ ಓಡಿಸುವ ಅಭ್ಯಾಸ ಕೆಲವರಿಗಿದೆ. ದಯವಿಟ್ಟು ಮಾಡಬೇಡಿ. ಮದ್ಯ ಸಾಗಿಸಲು, ಪೂರೈಸಲು ಮಗುವನ್ನು ಬಳಸುವುದು ಕಲಂ 78ರಡಿ ಪ್ರತ್ಯೇಕ ಅಪರಾಧ. ಅದಕ್ಕೂ ಏಳು ವರ್ಷ, ಒಂದು ಲಕ್ಷ.

ಗುರು ಕಾರೋಣರಿಗೆ ಇಟ್ಟದ್ದರಲ್ಲಿ ಒಂದು ಗುಟುಕು? ಮಳೆಗಾಲದ ಶೀತಕ್ಕೆ ಒಂದು ಚಮಚ ಬ್ರಾಂಡಿ?

ಗತಿಸಿದ ಹಿರಿಯರಿಗೆ ಮೀದಿ (ಎಡೆ) ಇಡುವುದನ್ನು ಯಾವ ಕಾನೂನೂ ತಡೆಯುವುದಿಲ್ಲ. ಅದು ಹಿರಿಯರ ಹಕ್ಕು, ನಮ್ಮ ನಡೆ. ಅಲ್ಲಿಂದ ಮಗುವಿನ ಬಾಯಿಗೆ ಹೋದರೆ ಮಾತ್ರ ಕಲಂ 77 ನೋಡುವುದು ಮಗುವಿನ ವಯಸ್ಸನ್ನು. ಪದ್ಧತಿಗೆಂದು ಅಲ್ಲಿ ವಿನಾಯಿತಿ ಬರೆದಿಲ್ಲ. ಬ್ರಾಂಡಿ ಚಮಚದ ವಿಷಯದಲ್ಲೂ ಹಾಗೆಯೇ. ಹಳೆಯ ಕಾಯ್ದೆಯಲ್ಲಿ 'ಅನಾರೋಗ್ಯದ ಸಂದರ್ಭದಲ್ಲಿ' ಎಂಬ ಮಾತಿತ್ತು, ಹೊಸದರಲ್ಲಿ ಅದೂ ಇಲ್ಲ. ವೈದ್ಯರ ಆದೇಶ ಒಂದೇ ಉಳಿದಿದೆ. ಅಜ್ಜಿ ಎಂದೋ ಚಮಚ ಕುಡಿಸಿದಳೆಂದು ಪೊಲೀಸರು ಬಾಗಿಲಿಗೆ ಬಂದ ಪ್ರಸಂಗ ನಾನು ಕೇಳಿಲ್ಲ. ಆದರೆ ಎಳೆಯ ಮಕ್ಕಳಲ್ಲಿ ಸ್ವಲ್ಪ ಮದ್ಯವೂ ರಕ್ತದ ಸಕ್ಕರೆಯನ್ನು ಅಪಾಯದ ಮಟ್ಟಕ್ಕೆ ಇಳಿಸಬಲ್ಲದು. ಶೀತಕ್ಕೆ ಕರಿಮೆಣಸಿನ ಕಷಾಯ ಸಾಕು, ಕಾಳುಮೆಣಸು ನಮ್ಮ ತೋಟದ ಮರಕ್ಕೇ ಹಬ್ಬಿದೆ.

ಮನೆಯಲ್ಲೇ ಮಾಡಿದ ವೈನ್ ಜ್ಯೂಸ್ ಇದ್ದ ಹಾಗಲ್ಲವೇ?

ಅಲ್ಲ. ದ್ರಾಕ್ಷಿ, ಶುಂಠಿ, ವೀಳ್ಯದೆಲೆ, ಗಾಂಧಾರಿ ಮೆಣಸು ಯಾವುದರಿಂದಲಾದರೂ ಮಾಡಿರಿ, ಸಕ್ಕರೆ ಈಸ್ಟ್ ಹಾಕಿ ಹುಳಿಸಿದ ಮೇಲೆ ಅದರಲ್ಲಿ ಆಲ್ಕೋಹಾಲ್ ಇದೆ. ಎಷ್ಟಿದೆ ಎಂದು ಬಾಟಲಿಯ ಮೇಲೆ ಬರೆದಿರುವುದಿಲ್ಲ, ಸಿಹಿ ಇರುವುದರಿಂದ ಮಕ್ಕಳು ಲೋಟಗಟ್ಟಲೆ ಕುಡಿಯುತ್ತಾರೆ. ಕಲಂ 77ಕ್ಕೆ ರಮ್ಮೂ ಒಂದೇ, ವೈನೂ ಒಂದೇ. ಸನ್ನದಿಲ್ಲದೆ ತಯಾರಿಸಿ ಮಾರುವುದು ಅಬಕಾರಿ ಕಾಯ್ದೆಯಡಿ ಬೇರೆಯೇ ಅಪರಾಧ.

ಕುಡಿದ ಹುಡುಗನ ಮೇಲೂ ಕೇಸ್ ಆಗುತ್ತದೆಯೇ?

ಮನೆಯಲ್ಲಿ ಕುಡಿದ ಮಾತ್ರಕ್ಕೆ ಬಾಲ ನ್ಯಾಯ ಕಾಯ್ದೆ ಮಗುವನ್ನು ಶಿಕ್ಷಿಸುವುದಿಲ್ಲ. ಕಲಂ 77ರಲ್ಲಿ ಅಪರಾಧಿ ಕೊಟ್ಟವರು, ಮಗು ಸಂತ್ರಸ್ತ. ಈ ಒಂದು ಮಾತನ್ನು ಪ್ರತಿಯೊಂದು ಮನೆಯ ಮಕ್ಕಳಿಗೂ ಹೇಳಿಬಿಡಬೇಕು. ಯಾಕೆಂದರೆ ಗೆಳೆಯ ಬಿದ್ದಾಗ ಮಕ್ಕಳು ದೊಡ್ಡವರನ್ನು ಕರೆಯದೆ ಮುಚ್ಚಿಡುವುದು 'ನಮ್ಮನ್ನೂ ಜೈಲಿಗೆ ಹಾಕುತ್ತಾರೆ' ಎಂಬ ಹೆದರಿಕೆಯಿಂದ.

ಕುಡಿದ ಮೇಲೆ ಮಾಡಿದ ಕೆಲಸ ಬೇರೆ. ಗಾಡಿ ಓಡಿಸಿದರೆ, ಹೊಡೆದಾಡಿದರೆ ಅದಕ್ಕೆ ಉತ್ತರ ಕೊಡಬೇಕು. ತಾನೇ ಇಷ್ಟಪಟ್ಟು ಕುಡಿದವನಿಗೆ 'ಅಮಲಿನಲ್ಲಿದ್ದೆ' ಎಂಬುದು ನೆಪವಾಗುವುದಿಲ್ಲ. ಇನ್ನು 17ರ ಹುಡುಗನೇ 15ರ ಹುಡುಗನಿಗೆ ಸುರಿದುಕೊಟ್ಟಿದ್ದರೆ ಕೊಟ್ಟವನೂ ಮಗುವೇ. ಅವನ ವಿಷಯ ಬಾಲ ನ್ಯಾಯ ಮಂಡಳಿಯ ಮುಂದೆ ಹೋಗುತ್ತದೆ, ವಯಸ್ಕರ ನ್ಯಾಯಾಲಯಕ್ಕಲ್ಲ.

ಹತ್ತೊಂಬತ್ತರ ಅಣ್ಣ ತಂದುಕೊಟ್ಟ. ಅವನೂ ಹುಡುಗನೇ ಅಲ್ಲವೇ?

ಕಾನೂನಿನ ಪ್ರಕಾರ ಅವನು ವಯಸ್ಕ. ಕಲಂ 77ರ ಪೂರ್ತಿ ಭಾರ ಅವನ ತಲೆಯ ಮೇಲೆ ಬೀಳುತ್ತದೆ. ನನಗೆ ಅತ್ಯಂತ ಸಂಕಟ ತರುವ ಪ್ರಸಂಗಗಳು ಇವೇ. ಮೈಸೂರಿನಲ್ಲೋ ಮಂಗಳೂರಿನಲ್ಲೋ ಮೊದಲ ವರ್ಷದ ಡಿಗ್ರಿ ಓದುವ ಹುಡುಗ, ಹಬ್ಬಕ್ಕೆ ಮನೆಗೆ ಬರುವಾಗ ಬ್ಯಾಗಿನಲ್ಲಿ ಎರಡು ಬಾಟಲಿ ತರುತ್ತಾನೆ, ತಮ್ಮಂದಿರ ಮುಂದೆ ದೊಡ್ಡವನಾಗುವ ಆಸೆ. ಏನಾದರೂ ಆದರೆ ಆರೋಪಪಟ್ಟಿಯಲ್ಲಿ ಬರುವ ಹೆಸರು ಅವನದು. ಅವನ ವಯಸ್ಸು 21 ಆಗದಿದ್ದರೆ ಮಾರಿದ ಅಂಗಡಿಯವರೂ ಸನ್ನದಿನ ಷರತ್ತು ಮುರಿದವರಾಗುತ್ತಾರೆ.

18ರಿಂದ 21ರ ನಡುವಿನವನು ಮನೆಯಲ್ಲಿ ಹಿರಿಯರ ಜೊತೆ ಕುಡಿದರೆ? ಅವನು 'ಮಗು' ಅಲ್ಲವಾದ್ದರಿಂದ ಕಲಂ 77 ಅನ್ವಯಿಸುವುದಿಲ್ಲ.

ನಿವೃತ್ತ ಸೈನಿಕರ ಮನೆಗಳಲ್ಲಿ ಕ್ಯಾಂಟೀನ್ ರಮ್ ಇರುತ್ತದೆ. ಅದು ಅವರ ಸ್ವಂತ ಬಳಕೆಗೆ ಕೊಟ್ಟದ್ದು. ಪಾರ್ಟಿಗೆ ಯಾರಿಗೋ ಮಾರಿದರೆ ಕ್ಯಾಂಟೀನ್ ಕಾರ್ಡೂ ಹೋಗಬಹುದು, ಅಬಕಾರಿ ಕೇಸೂ ಆಗಬಹುದು.

ಮಗು ವಾಂತಿ ಮಾಡಿಕೊಂಡು ಬಿದ್ದಿದೆ. ಆಸ್ಪತ್ರೆಗೆ ಹೋದರೆ ಪೊಲೀಸರಿಗೆ ತಿಳಿಯುತ್ತದೆ. ನಿದ್ದೆ ಮಾಡಿದರೆ ಇಳಿಯುತ್ತದಲ್ಲವೇ?

ದಯವಿಟ್ಟು ಕಾಯಬೇಡಿ. ಕೊನೆಯ ಗುಟುಕು ಕುಡಿದ ಮೇಲೂ ಹೊಟ್ಟೆಯಲ್ಲಿರುವ ಮದ್ಯ ರಕ್ತಕ್ಕೆ ಸೇರುತ್ತಲೇ ಇರುತ್ತದೆ. 'ಮಲಗಿದೆ' ಎಂದು ನೀವು ಅಂದುಕೊಂಡ ಹೊತ್ತಿನಲ್ಲೇ ಸ್ಥಿತಿ ಬಿಗಡಾಯಿಸಬಹುದು.

ಕರೆದರೂ ಅಲುಗಿಸಿದರೂ ಏಳದಿದ್ದರೆ, ಉಸಿರು ನಿಧಾನವಾಗಿದ್ದರೆ ಅಥವಾ ತಡೆದು ತಡೆದು ಬರುತ್ತಿದ್ದರೆ, ತುಟಿ ಉಗುರು ನೀಲಿಗಟ್ಟಿದ್ದರೆ, ಮೈ ತಣ್ಣಗಾಗಿದ್ದರೆ, ಫಿಟ್ಸ್ ಬಂದರೆ, ಅದು ನಿದ್ದೆಯಲ್ಲ. ಒಂದು ಮಗ್ಗುಲಿಗೆ ಮಲಗಿಸಿ, ಬಾಯಿ ಸ್ವಲ್ಪ ಕೆಳಕ್ಕೆ ಬರಲಿ, ವಾಂತಿ ಉಸಿರುಗೊಳವೆಗೆ ಹೋಗದಿರಲಿ. ಅಂಗಾತ ಮಲಗಿಸಬೇಡಿ, ಒಬ್ಬನೇ ಬಿಟ್ಟು ಹೋಗಬೇಡಿ. ಕಟ್ಟಾ ಕಾಫಿ, ಮಜ್ಜಿಗೆ, ನಿಂಬೆಹಣ್ಣು ಏನನ್ನೂ ಕುಡಿಸಬೇಡಿ, ಬಾಯಿಗೆ ಬೆರಳು ಹಾಕಿ ವಾಂತಿ ಮಾಡಿಸಬೇಡಿ. ತಣ್ಣೀರು ಸುರಿಯುವುದಂತೂ ಬೇಡವೇ ಬೇಡ. ಮದ್ಯ ಮೈಯ ಶಾಖವನ್ನು ಮೊದಲೇ ಹೊರಗೆ ಬಿಟ್ಟಿರುತ್ತದೆ. ಡಿಸೆಂಬರಿನ ಮಡಿಕೇರಿಯ ರಾತ್ರಿಯಲ್ಲಿ ಅದರ ಮೇಲೆ ಒಂದು ಬಕೆಟ್ ನೀರು ಸುರಿದರೆ ಮಗುವಿನ ಪಾಡೇನು? ಕಂಬಳಿ ಹೊದಿಸಿ.

ತೋಟದ ಮನೆ ಮುಖ್ಯರಸ್ತೆಯಿಂದ ಒಳಗಿದ್ದರೆ, ಫೋನಿಗೆ ಸಿಗ್ನಲ್ ಸಿಗದಿದ್ದರೆ ಆಂಬುಲೆನ್ಸ್ ಬರುವವರೆಗೆ ಕೈಕಟ್ಟಿ ಕೂರಬೇಡಿ. ಕುಡಿಯದ ಒಬ್ಬರು ಗಾಡಿ ಓಡಿಸಲಿ, ಇನ್ನೊಬ್ಬರು ಹಿಂದೆ ಮಗುವನ್ನು ಮಗ್ಗುಲಾಗಿ ಹಿಡಿದಿರಲಿ. ಯಾವ ಹೊತ್ತಿಗೆ, ಏನು, ಸುಮಾರು ಎಷ್ಟು ಕುಡಿದ ಎಂಬುದನ್ನು ಮುಚ್ಚಿಡದೆ ಡಾಕ್ಟರಿಗೆ ಹೇಳಿ. ಜೊತೆಗೆ ಮಾತ್ರೆ, ಗಾಂಜಾ ಏನಾದರೂ ಸೇರಿದ್ದರೆ ಅದನ್ನೂ ಹೇಳಿ. ಬಾಟಲಿಯನ್ನೇ ಒಯ್ದರೆ ಇನ್ನೂ ಒಳ್ಳೆಯದು.

ಇನ್ನು ಪೊಲೀಸರ ಮಾತು. ಆಸ್ಪತ್ರೆಯವರು ಇದನ್ನು ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ವೈದ್ಯಕೀಯ-ಕಾನೂನು ಪ್ರಕರಣ) ಎಂದು ದಾಖಲಿಸಿ ಠಾಣೆಗೆ ತಿಳಿಸಬಹುದು. ಅದು ಮಗುವಿನ ಮೇಲಿನ ದೂರಲ್ಲ. ಕಾಗದಪತ್ರ, ಪೊಲೀಸ್ ಕ್ರಮಗಳಿಗಾಗಿ ತುರ್ತು ಚಿಕಿತ್ಸೆ ತಡ ಮಾಡಬಾರದು, ಜೀವ ಉಳಿಸುವುದೇ ವೈದ್ಯರ ಮೊದಲ ಕರ್ತವ್ಯ ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಪರಮಾನಂದ ಕಟಾರ ಪ್ರಕರಣದಲ್ಲಿ ಹೇಳಿದೆ. ಕೊಟ್ಟವರ ಮೇಲೆ ಕೇಸ್ ಆಗುವುದಿದ್ದರೆ ಆಗುತ್ತದೆ, ಅದನ್ನು ಎದುರಿಸಬಹುದು. ತಡ ಮಾಡಿ ಮಗು ತೀರಿಕೊಂಡರೆ ಭಾರತೀಯ ನ್ಯಾಯ ಸಂಹಿತೆಯ ಕಲಂ 106ರಡಿ ನಿರ್ಲಕ್ಷ್ಯದಿಂದ ಸಾವು ಎಂಬ ಆರೋಪ ಎದುರಾಗಬಹುದು, ಅದಕ್ಕೆ ಐದು ವರ್ಷದವರೆಗೆ ಸೆರೆವಾಸ.

ನಾವು ಮನೆಯಲ್ಲೇ ಇರಲಿಲ್ಲ. ಮಗನೇ ಗೆಳೆಯರನ್ನು ಕರೆದು ಪಾರ್ಟಿ ಮಾಡಿದ.

ಗೊತ್ತಿಲ್ಲದೆ ನಡೆದದ್ದಕ್ಕೆ 'ಮದ್ಯ ಕೊಟ್ಟರು' ಎಂಬ ಆರೋಪ ಸುಲಭವಾಗಿ ಅಂಟುವುದಿಲ್ಲ. ಮನೆ ನಮ್ಮದು ಎಂಬ ಒಂದೇ ಕಾರಣಕ್ಕೆ ಕಲಂ 77 ಹಾಕಲಾಗದು. ಆದರೆ ಈ ಕಾಲದಲ್ಲಿ 'ಗೊತ್ತಿರಲಿಲ್ಲ' ಎಂಬುದನ್ನು ಫೋನೇ ಸುಳ್ಳು ಮಾಡುತ್ತದೆ. 'ಜಾಸ್ತಿ ಕುಡಿಬೇಡಿ, ಬೆಳಿಗ್ಗೆ ಬಾಟಲಿ ಎತ್ತಿಡಿ' ಎಂದು ಅಮ್ಮ ಕಳಿಸಿದ ಒಂದು ವಾಟ್ಸ್‌ಆ್ಯಪ್ ಸಂದೇಶ ಸಾಕು. ಇಬ್ಬರೂ ಊರಿಗೆ ಹೋಗುವಾಗ ಕಪಾಟಿಗೆ ಬೀಗ ಹಾಕಿ, ಪಕ್ಕದ ತೋಟದವರಿಗೆ ಒಂದು ಮಾತು ಹೇಳಿ ಹೋಗಿ.

ಪೊಲೀಸರು ಮನೆಗೆ ಬಂದರೆ ಏನಾಗುತ್ತದೆ? ಮಕ್ಕಳನ್ನು ಠಾಣೆಗೆ ಒಯ್ಯುತ್ತಾರೆಯೇ?

ಇಲ್ಲೊಂದು ಸೂಕ್ಷ್ಮ ಇದೆ. ಬಾಲ ನ್ಯಾಯ ಕಾಯ್ದೆಗೆ 2021ರಲ್ಲಿ ತಿದ್ದುಪಡಿಯಾಗಿ, 2022ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿದೆ. ಅದರಂತೆ ಮೂರರಿಂದ ಏಳು ವರ್ಷದವರೆಗೆ ಶಿಕ್ಷೆ ಇರುವ ಅಪರಾಧಗಳು ಅಸಂಜ್ಞೇಯ, ಜೊತೆಗೆ ಜಾಮೀನುರಹಿತ. ಕಲಂ 77 ಈ ಗುಂಪಿಗೆ ಸೇರಿದೆ. ಅಂದರೆ ಅದೊಂದೇ ಆರೋಪವಿದ್ದರೆ ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಪೊಲೀಸರು ತನಿಖೆ ಆರಂಭಿಸುವಂತಿಲ್ಲ, ವಾರಂಟ್ ಇಲ್ಲದೆ ಬಂಧಿಸುವಂತಿಲ್ಲ. ಮಕ್ಕಳ ಹಕ್ಕಿಗಾಗಿ ದುಡಿಯುವ ಹಲವರು ಈ ತಿದ್ದುಪಡಿಯನ್ನು ವಿರೋಧಿಸಿದ್ದಾರೆ, ನನಗೂ ಅದು ಸರಿ ಕಾಣುವುದಿಲ್ಲ. ಆದರೆ ಇದನ್ನೇ ಗುರಾಣಿ ಎಂದು ನಂಬಿ ಕೂರಬೇಡಿ. ಅಪಘಾತವೋ ಹೊಡೆದಾಟವೋ ಲೈಂಗಿಕ ದೌರ್ಜನ್ಯವೋ ಜೊತೆಗೆ ಬಂದರೆ, ಒಂದು ಸಂಜ್ಞೇಯ ಅಪರಾಧ ಇದ್ದರೂ ಇಡೀ ಪ್ರಕರಣವನ್ನು ಸಂಜ್ಞೇಯ ಎಂದೇ ಪರಿಗಣಿಸುತ್ತಾರೆ.

ಮಕ್ಕಳ ವಿಷಯದಲ್ಲಿ ನಿಯಮ ಸ್ಪಷ್ಟ. ಲಾಕಪ್ಪಿಗೆ ಹಾಕುವಂತಿಲ್ಲ, ಕೋಳ ತೊಡಿಸುವಂತಿಲ್ಲ. ಮಾತನಾಡಿಸಬೇಕಾದವರು ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ. ಪೋಷಕರಿಗೆ ತಿಳಿಸಬೇಕು. ಕಾನೂನಿನೊಂದಿಗೆ ಸಂಘರ್ಷಕ್ಕೆ ಬಂದ ಮಗುವಾದರೆ 24 ಗಂಟೆಯೊಳಗೆ ಬಾಲ ನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು. ಘೋರ ಅಪರಾಧವಲ್ಲದಿದ್ದರೆ, ವಯಸ್ಕರ ಜೊತೆ ಸೇರಿ ಮಾಡಿದ್ದೂ ಅಲ್ಲದಿದ್ದರೆ ಮಗುವಿನ ಮೇಲೆ ಎಫ್‌ಐಆರ್ ಬೇಡ, ಠಾಣಾ ದಿನಚರಿಯಲ್ಲಿ ದಾಖಲಿಸಿದರೆ ಸಾಕು ಎಂದು 2016ರ ಮಾದರಿ ನಿಯಮಗಳು ಹೇಳುತ್ತವೆ.

ಪೊಲೀಸರು ಬಂದಾಗ ಮಕ್ಕಳನ್ನು ಹಿಂಬಾಗಿಲಿನಿಂದ ತೋಟಕ್ಕೆ ಓಡಿಸಬೇಡಿ. ಕುಡಿದ ಮಗು ಕತ್ತಲಲ್ಲಿ ಕೆರೆಗೋ ಆನೆ ಕಂದಕಕ್ಕೋ ಬಿದ್ದರೆ?

ಪಾರ್ಟಿ ಮುಗಿಸಿ ಹುಡುಗರು ಗಾಡಿ ಓಡಿಸಿದರೆ?

ನಮ್ಮ ಮಕ್ಕಳು ತೋಟದ ದಾರಿಯಲ್ಲೇ ಜೀಪು ಕಲಿಯುತ್ತಾರೆ. ಹದಿನಾಲ್ಕಕ್ಕೆ ಸ್ಟಿಯರಿಂಗ್ ಹಿಡಿದವನು ಹದಿನೇಳಕ್ಕೆ ತಾನು ಪಕ್ಕಾ ಡ್ರೈವರ್ ಎಂದುಕೊಂಡಿರುತ್ತಾನೆ. ತೋಟದ ಗೇಟು ದಾಟಿ ಸಾರ್ವಜನಿಕ ರಸ್ತೆಗೆ ಇಳಿದ ಕ್ಷಣದಿಂದ ಮೋಟಾರು ವಾಹನ ಕಾಯ್ದೆಯ ಕಲಂ 199ಎ ಶುರು. 18 ತುಂಬದವರು ಗಾಡಿ ಓಡಿಸಿ ಅಪರಾಧವೆಸಗಿದರೆ ಪೋಷಕರು ಅಥವಾ ಗಾಡಿಯ ಮಾಲೀಕರೇ ತಪ್ಪಿತಸ್ಥರು. ಮೂರು ವರ್ಷದವರೆಗೆ ಸೆರೆವಾಸ, 25,000 ರೂಪಾಯಿ ದಂಡ, ಗಾಡಿಯ ನೋಂದಣಿ 12 ತಿಂಗಳು ರದ್ದು, ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸ್ ಇಲ್ಲ. ನಿಮ್ಮ ಒಪ್ಪಿಗೆಯಿಂದಲೇ ಓಡಿಸಿದ ಎಂದು ನ್ಯಾಯಾಲಯ ಮೊದಲೇ ಭಾವಿಸುತ್ತದೆ, ಅಲ್ಲವೆಂದು ತೋರಿಸುವ ಹೊಣೆ ನಿಮ್ಮದು. ಕೀಲಿಯನ್ನು ಬಾಗಿಲ ಪಕ್ಕದ ಮೊಳೆಗೆ ನೇತುಹಾಕಿದ್ದೆ ಎಂದರೆ ಜಾಗ್ರತೆ ವಹಿಸಿದ್ದೆ ಎಂದಾಗುವುದಿಲ್ಲ.

ಇದರ ಜೊತೆ ಕುಡಿದು ಓಡಿಸಿದ ಕಲಂ 185 ಬೇರೆ. 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಆಲ್ಕೋಹಾಲ್ ಮೀರಿದರೆ ಅಪರಾಧ. ಮೊದಲ ಬಾರಿಗೆ ಆರು ತಿಂಗಳವರೆಗೆ ಸೆರೆವಾಸ ಅಥವಾ 10,000 ದಂಡ ಅಥವಾ ಎರಡೂ. ಅಪಘಾತದಲ್ಲಿ ಯಾರಾದರೂ ತೀರಿಕೊಂಡರೆ ವಿಮಾ ಕಂಪನಿ ಪರಿಹಾರ ಕೊಟ್ಟು, ಲೈಸೆನ್ಸ್ ಇಲ್ಲದವನಿಗೆ ಗಾಡಿ ಕೊಟ್ಟ ಮಾಲೀಕನಿಂದ ವಸೂಲು ಮಾಡಬಹುದು. ತೋಟ ಅಡವಿಡಬೇಕಾದ ಮೊತ್ತ ಅದು.

2024ರ ಮೇ 19ರಂದು ಪುಣೆಯ ಕಲ್ಯಾಣಿ ನಗರದಲ್ಲಿ 17ರ ಹುಡುಗ ಓಡಿಸಿದ ಪೋರ್ಶೆ ಕಾರು ಡಿಕ್ಕಿಯಾಗಿ ಇಬ್ಬರು ಯುವ ಎಂಜಿನಿಯರ್‌ಗಳು ಸತ್ತದ್ದು ನೆನಪಿರಬಹುದು. ಆಗ ಹುಡುಗನ ತಂದೆಯ ಮೇಲೂ ಮದ್ಯ ಕೊಟ್ಟ ಬಾರಿನವರ ಮೇಲೂ ದಾಖಲಾದದ್ದು ಇದೇ ಬಾಲ ನ್ಯಾಯ ಕಾಯ್ದೆಯ ಕಲಂ 75 ಮತ್ತು 77. ಅಲ್ಲಿಯದು ನಗರದ ಅಗಲ ರಸ್ತೆ. ಸಂಪಾಜೆ ಘಾಟಿಯ ತಿರುವು, ಮಾಕುಟ್ಟದ ಇಳಿಜಾರು, ಮಂಜು ಕವಿದ ಭಾಗಮಂಡಲ ರಸ್ತೆ ಹೇಗಿರುತ್ತವೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಪಾರ್ಟಿ ಇಟ್ಟವರು ಸಂಜೆಯೇ ಎಲ್ಲರ ಕೀಲಿ ತೆಗೆದಿಟ್ಟು, ರಾತ್ರಿ ಅಲ್ಲೇ ಹಾಸಿಗೆ ಹಾಸಿಕೊಡಲಿ.

ಮನೆಯಲ್ಲಿ ಕೋವಿ ಇದೆ. ಅದಕ್ಕೂ ಇದಕ್ಕೂ ಏನು ಸಂಬಂಧ?

ಬೇರೆ ಜಿಲ್ಲೆಯವರು ಕೇಳದ ಪ್ರಶ್ನೆ, ನಾವು ಕೇಳಲೇಬೇಕಾದ್ದು. ಕೊಡವರಿಗೂ ಜಮ್ಮಾ (ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಲೈಸೆನ್ಸಿನಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2029ರವರೆಗೆ ಮುಂದುವರಿಸಿದೆ. 2021ರಲ್ಲಿ ಹೈಕೋರ್ಟ್ ಕೂಡ ಅದನ್ನು ಎತ್ತಿಹಿಡಿಯಿತು. ಆದರೆ ಈ ವಿನಾಯಿತಿ ಅಜಾಗರೂಕತೆಗೆ ಕೊಟ್ಟ ಪರವಾನಗಿಯಲ್ಲ. ಬಂದೂಕು ಹೊಂದಲು ಶಸ್ತ್ರಾಸ್ತ್ರ ಕಾಯ್ದೆ ಸಾಮಾನ್ಯವಾಗಿ ಕೇಳುವ ವಯಸ್ಸು 21. ಸಂಭ್ರಮಕ್ಕೆಂದು ಅಜಾಗರೂಕವಾಗಿ ಗುಂಡು ಹಾರಿಸಿ ಇತರರ ಜೀವಕ್ಕೆ ಅಪಾಯ ತಂದರೆ ಕಲಂ 25(9)ರಡಿ ಎರಡು ವರ್ಷದವರೆಗೆ ಸೆರೆವಾಸ ಅಥವಾ ಒಂದು ಲಕ್ಷದವರೆಗೆ ದಂಡ ಅಥವಾ ಎರಡೂ. ಪುತ್ತರಿಯ ಕದಿರು ತೆಗೆಯುವಾಗಿನ ಗುಂಡು ಹಿರಿಯರ ಕೈಯಲ್ಲಿ, ಎಚ್ಚರದ ಕೈಯಲ್ಲಿ ಹಾರಲಿ. ಗ್ಲಾಸು ಹೊರಗೆ ಬರುವ ಮೊದಲು ಕೋವಿ ಒಳಗೆ ಹೋಗಿ ಬೀಗ ಬೀಳಲಿ, ತೋಟಾ ಬೇರೆ ಕಡೆ ಇರಲಿ. ಕೋವಿಯ ಗೌರವ ಉಳಿಯುವುದು ಹಾಗೆಯೇ.

ಹುಡುಗಿಯರೂ ಇದ್ದರು. ಯಾರೋ ವಿಡಿಯೊ ಮಾಡಿದ್ದಾರೆ.

18 ತುಂಬದವರ ಒಪ್ಪಿಗೆಗೆ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಪೋಕ್ಸೊ ಕಾಯ್ದೆಯಲ್ಲಿ ಬೆಲೆಯಿಲ್ಲ. 18 ದಾಟಿದವರೇ ಆದರೂ ಅಮಲಿನಲ್ಲಿ ಏನಾಗುತ್ತಿದೆ ಎಂದು ಅರಿಯದ ಸ್ಥಿತಿಯಲ್ಲಿ ಕೊಟ್ಟದ್ದು ಒಪ್ಪಿಗೆಯೇ ಅಲ್ಲ. ಮಗುವಿನ ಮೇಲೆ ದೌರ್ಜನ್ಯ ನಡೆದದ್ದು ಗೊತ್ತಿದ್ದೂ ಪೊಲೀಸರಿಗೆ ತಿಳಿಸದಿದ್ದರೆ ಆರು ತಿಂಗಳವರೆಗೆ ಸೆರೆವಾಸ. 'ಹೆಣ್ಣುಮಗಳ ಮಾನ, ಕುಟುಂಬದ ಹೆಸರು' ಎಂದು ಐನ್‌ಮನೆಯ (ಕುಲದ ಮೂಲಮನೆಯ) ಕೈಸಾಲೆಯಲ್ಲಿ ಕುಳಿತು ಹಿರಿಯರು ಮುಚ್ಚಿಹಾಕುವುದಕ್ಕೆ ಇಲ್ಲಿ ಜಾಗವಿಲ್ಲ. ಹಾಗೆ ಮುಚ್ಚಿಹಾಕಿದವರೂ ಆರೋಪಿಗಳಾಗುತ್ತಾರೆ.

ವಿಡಿಯೊ ಯಾರಿಗೂ ಕಳಿಸಬೇಡಿ. ಪ್ರಕರಣದಲ್ಲಿರುವ ಮಗುವಿನ ಹೆಸರು, ಶಾಲೆ, ಫೋಟೊ, ಗುರುತು ಹಿಡಿಯಬಹುದಾದ ಯಾವ ವಿವರವನ್ನೂ ಹಂಚುವಂತಿಲ್ಲ. ಬಾಲ ನ್ಯಾಯ ಕಾಯ್ದೆಯ ಕಲಂ 74ರಡಿ ಆರು ತಿಂಗಳವರೆಗೆ ಸೆರೆವಾಸ ಅಥವಾ ಎರಡು ಲಕ್ಷದವರೆಗೆ ದಂಡ ಅಥವಾ ಎರಡೂ. ನಮ್ಮದು ಸಣ್ಣ ಜಿಲ್ಲೆ. ಮನೆಹೆಸರು ಹೇಳಿದರೆ ಸಾಕು, ಗೋಣಿಕೊಪ್ಪಲಿನಿಂದ ಶನಿವಾರಸಂತೆವರೆಗೆ ಯಾರ ಮಗು ಎಂದು ತಿಳಿದುಬಿಡುತ್ತದೆ. ಕುಟುಂಬದ ಗ್ರೂಪಿಗೆ 'ನೋಡಿ ಈಗಿನ ಮಕ್ಕಳು' ಎಂದು ಫಾರ್ವರ್ಡ್ ಮಾಡಿದವರಿಗೂ ಈ ಕಲಂ ಅನ್ವಯ.

ಸಿಗರೇಟು, ಗಾಂಜಾ ಕೂಡ ಸಿಕ್ಕಿದರೆ?

ಸಿಗರೇಟು ಕೊಟ್ಟದ್ದೂ ಕಲಂ 77ರೊಳಗೇ ಬರುತ್ತದೆ. ಗಾಂಜಾ ಮಾದಕ ವಸ್ತುಗಳ ಮೇಲಿನ ಎನ್‌ಡಿಪಿಎಸ್ ಕಾಯ್ದೆಯ ವಿಷಯ. ಗೊತ್ತಿದ್ದೂ ತನ್ನ ಮನೆಯಲ್ಲಿ ಜಾಗ ಕೊಟ್ಟವರಿಗೆ ಕಲಂ 25ರಡಿ ಆ ಅಪರಾಧಕ್ಕಿರುವಷ್ಟೇ ಶಿಕ್ಷೆ.

ನಾವು ಹೋಂಸ್ಟೇ ನಡೆಸುತ್ತೇವೆ. ಬೆಂಗಳೂರಿನಿಂದ ಬಂದ ಹುಡುಗರು ತಾವೇ ತಂದು ಕುಡಿದರೆ ನಮಗೇನು?

ಸನ್ನದು ಇಲ್ಲದ ಹೋಂಸ್ಟೇ ಮದ್ಯ ಮಾರುವಂತಿಲ್ಲ, 'ಕ್ಯಾಂಪ್‌ಫೈರ್ ಪ್ಯಾಕೇಜ್' ಎಂದು ಬಿಲ್ಲಿನಲ್ಲಿ ಬರೆದರೂ ಅದು ಮಾರಾಟವೇ. ದೊಡ್ಡ ಸಮಾರಂಭವಾದರೆ ಅಬಕಾರಿ ಇಲಾಖೆಯಿಂದ ಸಿಎಲ್-5 ಸಾಂದರ್ಭಿಕ ಸನ್ನದು ಪಡೆಯಬೇಕು. ಅದನ್ನು ಪಡೆದರೂ ವಯಸ್ಸಿನ ಷರತ್ತು ತಪ್ಪುವುದಿಲ್ಲ. ಬುಕಿಂಗ್ ಮಾಡಿದ ಒಬ್ಬನ ಆಧಾರ್ ನೋಡಿ ಬಿಡಬೇಡಿ, ಬಂದ ಪ್ರತಿಯೊಬ್ಬರ ಗುರುತಿನ ಚೀಟಿ ನೋಡಿ. ನಿಮ್ಮ ಅಡುಗೆಯವರು ಗ್ಲಾಸು, ಐಸು, ಸೋಡಾ ತಂದಿಟ್ಟು ಹದಿನೇಳರ ಹುಡುಗನಿಗೆ ಬಡಿಸಿದರೆ 'ಅವರದೇ ಬಾಟಲಿ' ಎಂಬ ವಾದ ಬಲಹೀನವಾಗುತ್ತದೆ. ರಾತ್ರಿ 10ರ ಮೇಲೆ ಸ್ಪೀಕರ್ ಹಾಕಿದರೆ ಶಬ್ದ ಮಾಲಿನ್ಯ ನಿಯಮವೂ ಸೇರಿಕೊಳ್ಳುತ್ತದೆ.

ಗಡಿ ದಾಟಿ ಕೇರಳಕ್ಕೆ ಹೋದರೆ?

ಅಲ್ಲಿ ವಯಸ್ಸಿನ ಮಿತಿ ಇನ್ನೂ ಹೆಚ್ಚು, 23. ಕುಟ್ಟ, ಮಾಕುಟ್ಟ, ಕರಿಕೆ ಕಡೆಯಿಂದ ಇಲ್ಲಿಯ ಬಾಟಲಿ ಅಲ್ಲಿಗೆ ಒಯ್ಯುವುದು, ಮಾಹೆಯದ್ದನ್ನು ಇಲ್ಲಿಗೆ ತರುವುದು ಎರಡೂ ಅಬಕಾರಿ ಅಪರಾಧಕ್ಕೆ ದಾರಿ. ಮದುವೆ ದಿಬ್ಬಣದ ಬಸ್ಸನ್ನೂ ತಪಾಸಣೆ ಮಾಡಬಹುದು.

ಮಗನಿಗೆ ಸೇನೆ ಸೇರುವ ಆಸೆ. ಇದೆಲ್ಲ ದಾಖಲೆಯಲ್ಲಿ ಉಳಿಯುತ್ತದೆಯೇ?

18ರೊಳಗಿದ್ದಾಗ ನಡೆದದ್ದಾದರೆ ಬಾಲ ನ್ಯಾಯ ಕಾಯ್ದೆಯ ಕಲಂ 24 ಅವನ ಪರವಾಗಿದೆ. ಮಂಡಳಿ ತಪ್ಪು ಕಂಡುಕೊಂಡರೂ ಅದು ಮುಂದೆ ಅನರ್ಹತೆಯಾಗಬಾರದು, ಮೇಲ್ಮನವಿಯ ಅವಧಿ ಮುಗಿದ ಮೇಲೆ ದಾಖಲೆ ನಾಶವಾಗಬೇಕು. ಘೋರ ಅಪರಾಧದಲ್ಲಿ ವಯಸ್ಕನಂತೆ ವಿಚಾರಣೆಗೆ ಒಳಗಾದ 16 ದಾಟಿದವರಿಗೆ ಮಾತ್ರ ಈ ರಕ್ಷಣೆ ಪೂರ್ತಿ ಸಿಗದು. 18 ದಾಟಿದ ಅಣ್ಣನ ಮೇಲಿನ ಕೇಸ್ ಹಾಗಲ್ಲ. ಪೊಲೀಸ್ ಪರಿಶೀಲನೆಯಲ್ಲಿ ಅದು ಕಾಣುತ್ತದೆ, ಬಾಕಿ ಕೇಸನ್ನು ಮುಚ್ಚಿಟ್ಟು ಅರ್ಜಿ ತುಂಬಿದರೆ ಅದೇ ಇನ್ನೊಂದು ತೊಂದರೆ. ಜನರಲ್ ತಿಮ್ಮಯ್ಯನವರ ಊರಿನಲ್ಲಿ ಎಷ್ಟೋ ಹುಡುಗರು ಬೆಳಿಗ್ಗೆ ಐದಕ್ಕೆ ಎದ್ದು ಓಡುವುದು ಸಮವಸ್ತ್ರದ ಕನಸಿಗಾಗಿ. ಪಾರ್ಟಿಯ ಮೊದಲು ಅವರಿಗೆ ಇದನ್ನು ಹೇಳಿ.

ಪಕ್ಕದ ತೋಟದಲ್ಲಿ ಮಕ್ಕಳಿಗೆ ಕುಡಿಸುತ್ತಿದ್ದಾರೆ. ಹೇಳಿದರೆ ದ್ವೇಷ ಕಟ್ಟಿಕೊಳ್ಳಬೇಕಾಗುತ್ತದೆ. ಯಾರಿಗೆ ತಿಳಿಸುವುದು?

ಮಕ್ಕಳ ಸಹಾಯವಾಣಿ 1098. ಹಗಲು ರಾತ್ರಿ ಉಚಿತ, ಹೆಸರು ಹೇಳಲೇಬೇಕೆಂದಿಲ್ಲ. ಆ ಕ್ಷಣಕ್ಕೆ ಅಪಾಯವಿದ್ದರೆ 112. ಮಡಿಕೇರಿಯಲ್ಲಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕ, ಮಕ್ಕಳ ಕಲ್ಯಾಣ ಸಮಿತಿ ಇವೆ. ಒಂದೇ ಸಲ ನಡೆದದ್ದಲ್ಲ, ಮಗು ದಿನಾ ಕುಡಿಯುವ ಸ್ಥಿತಿಗೆ ಬಂದಿದೆ ಎಂದಾದರೆ ಸಮಿತಿಯ ಬಾಗಿಲಿಗೆ ಹೋಗುವುದೇ ಸರಿ, ಅಲ್ಲಿ ಮಗುವನ್ನು ಆರೈಕೆ ಬೇಕಾದವನೆಂದು ನೋಡುತ್ತಾರೆ.

ವಕೀಲರಿಗೆ ಕೊಡಲು ಹಣವಿಲ್ಲ.

ಮಕ್ಕಳಿಗೂ ಮಹಿಳೆಯರಿಗೂ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಸಿಗಬೇಕು ಎನ್ನುತ್ತದೆ 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ ಕಲಂ 12. ಮಡಿಕೇರಿಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅಥವಾ ನಿಮ್ಮ ತಾಲೂಕಿನ ನ್ಯಾಯಾಲಯದಲ್ಲಿರುವ ಕಾನೂನು ಸೇವಾ ಸಮಿತಿಗೆ ಒಂದು ಬಿಳಿ ಹಾಳೆಯ ಅರ್ಜಿ ಸಾಕು. ಫೋನಿನಲ್ಲಿ ಕೇಳುವುದಾದರೆ 15100. ಹೋಗುವಾಗ ಮಗುವಿನ ಜನನ ಪ್ರಮಾಣಪತ್ರ ಅಥವಾ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಒಯ್ಯಿರಿ, ವಯಸ್ಸು ಸಾಬೀತಾಗುವುದು ಅದರಿಂದಲೇ. ಆಸ್ಪತ್ರೆಯ ಚೀಟಿ, ಠಾಣೆಯಲ್ಲಿ ಕೊಟ್ಟ ಸ್ವೀಕೃತಿ ಇದ್ದರೆ ಜೊತೆಗಿಟ್ಟುಕೊಳ್ಳಿ. ಓದಿ ಅರ್ಥವಾಗದ ಯಾವ ಹೇಳಿಕೆಗೂ ವಕೀಲರನ್ನು ಕಾಣುವ ಮೊದಲು ಸಹಿ ಹಾಕಬೇಡಿ.